ವಿಮರ್ಶೆ ಬರೆದು ಬಾಡಿಗೆ ಕಟ್ಟಿದ ಆರ್ವೆಲ್

‘ಬಿಗ್ ಬಾಸ್’ ನೋಡದವರು ನಮ್ಮ ಹಾಸ್ಟೆಲ್‌ನಲ್ಲಿ ಕಡಿಮೆ. ಅದರ ಮೂಲ ‘ಬಿಗ್ ಬ್ರದರ್’ ಎಂಬ ಡಚ್ ಕಾರ್ಯಕ್ರಮ. ಆ ಹೆಸರು ಬಂದದ್ದು ಜಾರ್ಜ್ ಆರ್ವೆಲ್ ಅವರ ‘1984’ ಕಾದಂಬರಿಯಿಂದ. ‘ದಿ ಹಂಗರ್ ಗೇಮ್ಸ್’ ಮುಗಿಸಿ, ಇಂಥದ್ದು ಇನ್ನೇನಿದೆ ಎಂದು ಕೇಳಿದಾಗ ಗೆಳತಿ ನನ್ನ ಕೈಗಿಟ್ಟದ್ದೂ ಅದನ್ನೇ. ಆದರೆ ಅದನ್ನು ಬರೆದವರು ವರ್ಷಗಟ್ಟಲೆ ಬೇರೆಯವರ ಪುಸ್ತಕಗಳಿಗೆ ವಿಮರ್ಶೆ ಬರೆದೇ ಹೊಟ್ಟೆ ಹೊರೆದರು ಎಂಬುದು ನನಗೆ ಗೊತ್ತಾದದ್ದು ತೀರ ತಡವಾಗಿ.

ಅವರು ಹುಟ್ಟಿದ್ದು 1903ರ ಜೂನ್ 25ರಂದು, ನಮ್ಮದೇ ಬಿಹಾರದ ಮೋತಿಹಾರಿಯಲ್ಲಿ. ನಿಜ ಹೆಸರು ಎರಿಕ್ ಆರ್ಥರ್ ಬ್ಲೇರ್. ತಂದೆ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ನೌಕರ. ಮರುವರ್ಷವೇ ತಾಯಿ ಮಗುವನ್ನು ಇಂಗ್ಲೆಂಡಿಗೆ ಕರೆದೊಯ್ದರು. ಎಂಟನೇ ಹುಟ್ಟುಹಬ್ಬಕ್ಕೆ ಕೊಡಲೆಂದು ಮನೆಯಲ್ಲಿ ‘ಗಲಿವರನ ಪ್ರವಾಸ’ ತಂದಿಟ್ಟಿದ್ದರು. ಹುಡುಗನಿಗೆ ಬೆಳಗಾಗುವವರೆಗೆ ತಡೆಯಲಾಗಲಿಲ್ಲ. ಹಿಂದಿನ ದಿನವೇ ಕದ್ದು ಓದಿದ. ಮುಂದೆ ಸ್ನೇಹಿತೆಯೊಬ್ಬಳ ಮನೆಯಲ್ಲಿ ಎಚ್.ಜಿ. ವೆಲ್ಸ್ ಅವರ ‘ಎ ಮಾಡರ್ನ್ ಯುಟೋಪಿಯಾ’ ಸಿಕ್ಕಿತು. ಮತ್ತೆ ಮತ್ತೆ ಎರವಲು ತಂದು ಓದಿ, ತಾನೂ ಇಂಥದ್ದೊಂದು ಬರೆಯಬಹುದು ಎಂದು ಅವಳ ಬಳಿ ಹೇಳಿಕೊಂಡಿದ್ದ.

ಈಟನ್ ಶಾಲೆಗೆ ಸೇರಿದ್ದು ವಿದ್ಯಾರ್ಥಿವೇತನದ ಮೇಲೆ. ಅಲ್ಲಿ ಕೆಲಕಾಲ ಫ್ರೆಂಚ್ ಕಲಿಸಿದವರು ಆಲ್ಡಸ್ ಹಕ್ಸ್‌ಲಿ, ಮುಂದೆ ‘ಬ್ರೇವ್ ನ್ಯೂ ವರ್ಲ್ಡ್’ ಬರೆದವರು. ಕಾಲೇಜಿನ ಮೆಟ್ಟಿಲು ಹತ್ತದ ಎರಿಕ್ ಪೊಲೀಸ್ ಪರೀಕ್ಷೆ ಪಾಸು ಮಾಡಿ 1922ರಲ್ಲಿ ಬರ್ಮಾಕ್ಕೆ ಹೊರಟರು. ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ನಮ್ಮ ಗೆಳೆಯರಿಗೆ ಮುಂದಿನದನ್ನು ಕೇಳಿ ಸಂಕಟವಾಗಬಹುದು: ಐದು ವರ್ಷದ ಬಳಿಕ ರಜೆಗೆಂದು ಊರಿಗೆ ಬಂದವರು ಆ ನೌಕರಿಗೆ ರಾಜೀನಾಮೆ ಕೊಟ್ಟರು. ಸಾಮ್ರಾಜ್ಯದ ಲಾಠಿಯಾಗಿ ಬದುಕುವುದು ಅವರಿಗೆ ಒಗ್ಗಲಿಲ್ಲ. ಮನೆಯವರು ಕಂಗಾಲಾದರು. ಪ್ಯಾರಿಸ್ಸಿನಲ್ಲಿ ಪಾತ್ರೆ ತೊಳೆದರು, ಲಂಡನ್ನಿನಲ್ಲಿ ಭಿಕ್ಷುಕರ ಜೊತೆ ಮಲಗಿದರು. ಆ ಅನುಭವದ ಹಸ್ತಪ್ರತಿಯನ್ನು ಒಬ್ಬ ಪ್ರಕಾಶಕರು ವಾಪಸ್ ಕಳಿಸಿದರು. ಬಳಿಕ ಫೇಬರ್ ಸಂಸ್ಥೆಯಲ್ಲಿದ್ದ ಕವಿ ಟಿ.ಎಸ್. ಎಲಿಯಟ್ ಕೂಡ ಬೇಡವೆಂದರು. ಕೊನೆಗೂ 1933ರಲ್ಲಿ ಅದು ಅಚ್ಚಾದಾಗ ಲೇಖಕರ ಹೆಸರು ಜಾರ್ಜ್ ಆರ್ವೆಲ್ ಎಂದಾಗಿತ್ತು.

ವಿಮರ್ಶೆ ಬರೆಯುವ ಕೆಲಸ ಅದಕ್ಕೂ ಮೊದಲೇ, 1930ರಲ್ಲಿ ‘ಅಡೆಲ್ಫಿ’ ಪತ್ರಿಕೆಯಲ್ಲಿ ಶುರುವಾಗಿತ್ತು. 1934ರಿಂದ ಸುಮಾರು ಒಂದೂಕಾಲು ವರ್ಷ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನ ಹಳೆ ಪುಸ್ತಕದಂಗಡಿಯೊಂದರಲ್ಲಿ ದುಡಿದರು. ದೂಳು ಒರೆಸಿ ಒರೆಸಿ, ಪುಸ್ತಕದ ಮೇಲಿನ ಪ್ರೀತಿಯೇ ಸವೆದುಹೋಯಿತೆಂದು ಆಮೇಲೆ ಬರೆದುಕೊಂಡರು. 1946ರ ಒಂದು ಪ್ರಬಂಧದಲ್ಲಂತೂ ವಿಮರ್ಶಕನ ಪಾಡನ್ನು ಚೆನ್ನಾಗಿ ಬಿಡಿಸಿದ್ದಾರೆ. ತಣ್ಣನೆಯ ಕೋಣೆ, ಕಾಗದದ ರಾಶಿ, ಒಂದಕ್ಕೊಂದು ಸಂಬಂಧವಿಲ್ಲದ ಐದು ಪುಸ್ತಕಗಳ ಪಾರ್ಸೆಲ್, ನಾಳೆಯೇ ಗಡುವು. ಹೆಚ್ಚಿನ ಪುಸ್ತಕಗಳನ್ನು ಹೊಗಳಲೂ ಬಾರದು, ತೆಗಳಲೂ ಬಾರದು. ಸುಮ್ಮನೆ ಬಿಟ್ಟುಬಿಡಬೇಕು ಎಂಬುದು ಅವರ ನಿಲುವು. ಇಂದು ಓದದೆಯೇ ಐದು ನಕ್ಷತ್ರ ಕೊಡುವ ನಾವು ಅದನ್ನೊಮ್ಮೆ ನೋಡಬೇಕು.

ನನಗೆ ಬಹಳ ಹಿಡಿಸಿದ್ದು 1940ರಲ್ಲಿ ‘ಹೊರೈಜನ್’ ಪತ್ರಿಕೆಗೆ ಅವರು ಬರೆದ ದೀರ್ಘ ಲೇಖನ. ‘ಜೆಮ್’, ‘ಮ್ಯಾಗ್ನೆಟ್’ ಎಂಬ ಹುಡುಗರ ವಾರಪತ್ರಿಕೆಗಳನ್ನು ವಿದ್ವಾಂಸರು ಮೂಸಿಯೂ ನೋಡುತ್ತಿರಲಿಲ್ಲ. ಆರ್ವೆಲ್ ರಾಶಿ ಹಾಕಿಕೊಂಡು ಓದಿದರು. ಅಲ್ಲಿನ ವಸತಿಶಾಲೆಯ ಕಥೆಗಳಲ್ಲಿ ಬಡವರ ಬದುಕಿಲ್ಲ, ನಿರುದ್ಯೋಗವಿಲ್ಲ, ಪರದೇಶದವರೆಲ್ಲ ನಗೆಗೀಡು. ವಿಚಿತ್ರ ಇಂಗ್ಲಿಷ್ ಆಡುವ ಭಾರತದ ನವಾಬನೊಬ್ಬನೂ ಆ ಶಾಲೆಯಲ್ಲಿದ್ದ. ಎಳೆಯ ವಯಸ್ಸಿನಲ್ಲಿ ಓದಿದ ಕಥೆ ಮನುಷ್ಯನ ತಲೆಯಲ್ಲಿ ಕೊನೆಯವರೆಗೂ ಉಳಿಯುವುದರಿಂದ, ಅದನ್ನು ಯಾರು ಬರೆಯುತ್ತಾರೆ, ಯಾರು ಮಾರುತ್ತಾರೆ ಎಂದು ಕೇಳಲೇಬೇಕು ಎಂಬುದು ಅವರ ವಾದ. ಆದರೆ ಒಂದು ಕಡೆ ಎಡವಿದರು. ಮೂವತ್ತು ವರ್ಷ ಒಬ್ಬನೇ ಇಷ್ಟೊಂದು ಬರೆಯುವುದು ಸಾಧ್ಯವೇ ಇಲ್ಲ, ಫ್ರ್ಯಾಂಕ್ ರಿಚರ್ಡ್ಸ್ ಎಂಬ ಹೆಸರಿನ ಹಿಂದೆ ಹಲವರಿದ್ದಾರೆ ಎಂದು ಊಹಿಸಿದರು. ಅದೇ ಪತ್ರಿಕೆಯಲ್ಲಿ ರಿಚರ್ಡ್ಸ್ ತಾವೊಬ್ಬರೇ ಎಂದು ಉತ್ತರ ಬರೆದರು, ಅದೂ ಬಹಳ ಸ್ವಾರಸ್ಯವಾಗಿ!

ಯುದ್ಧಕಾಲದಲ್ಲಿ, 1941ರಿಂದ 1943ರವರೆಗೆ, ಅವರು ಬಿಬಿಸಿಯಲ್ಲಿದ್ದರು. ಭಾರತದ ಕಾಲೇಜು ವಿದ್ಯಾರ್ಥಿಗಳಿಗಾಗಿ ಇಂಗ್ಲಿಷ್ ಸಾಹಿತ್ಯದ ಭಾಷಣಗಳನ್ನು ಪ್ರಸಾರ ಮಾಡಿಸುವುದು ಕೆಲಸ; ಮುಲ್ಕ್ ರಾಜ್ ಆನಂದ್ ಅವರೂ ಅಲ್ಲಿ ಮಾತನಾಡಿದ್ದರು. ಕೇಳುವವರೇ ಇಲ್ಲವೆನಿಸಿ ಬೇಸರದಿಂದ ಹೊರಬಂದು ‘ಟ್ರಿಬ್ಯೂನ್’ ವಾರಪತ್ರಿಕೆಯ ಸಾಹಿತ್ಯ ಸಂಪಾದಕರಾದರು. ಕಳಪೆ ಬರಹವನ್ನೂ ವಾಪಸ್ ಕಳಿಸಲು ಅವರಿಗೆ ಕೈ ಬರುತ್ತಿರಲಿಲ್ಲ. ತಿರಸ್ಕಾರದ ಚೀಟಿ ಬಂದಾಗ ಹೇಗಿರುತ್ತದೆಂದು ಬಲ್ಲವರಲ್ಲವೇ, ಮೇಜಿನ ಖಾನೆಯಲ್ಲಿ ತುರುಕಿಟ್ಟುಬಿಡುತ್ತಿದ್ದರು. ಒಳ್ಳೆಯ ಸಂಪಾದಕರ ಲಕ್ಷಣ ಇದಲ್ಲ, ಬಿಡಿ.

ಇಷ್ಟರ ನಡುವೆಯೂ ‘ಕೆಟ್ಟ ನಾಳೆ’ಯ ಕಾದಂಬರಿಗಳನ್ನು, ಅಂದರೆ ನಾವೀಗ ಡಿಸ್ಟೋಪಿಯಾ ಎನ್ನುವವನ್ನು, ಅವರು ಹುಡುಕಿ ಓದುತ್ತಲೇ ಇದ್ದರು. 1940ರಲ್ಲೇ ಜ್ಯಾಕ್ ಲಂಡನ್, ವೆಲ್ಸ್, ಹಕ್ಸ್‌ಲಿ ಮೊದಲಾದವರ ಇಂಥ ಪುಸ್ತಕಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡಿದ್ದರು. ರಷ್ಯಾದ ಯೆವ್‌ಗೆನಿ ಝಮ್ಯಾಟಿನ್ ಅವರ ‘ನಾವು’ ಎಂಬ ಕಾದಂಬರಿಯ ಸುದ್ದಿ ಕಿವಿಗೆ ಬಿದ್ದದ್ದು ಆಮೇಲೆ. ಮನುಷ್ಯರಿಗೆ ಹೆಸರಿಲ್ಲ, ಬರೀ ನಂಬರು; ವಾಸ ಗಾಜಿನ ಮನೆಯಲ್ಲಿ, ಕಾವಲುಗಾರರಿಗೆ ಸದಾ ಕಾಣುವಂತೆ. ಸೋವಿಯತ್ ರಷ್ಯಾ ಅದನ್ನು ಅಚ್ಚಾಗಲು ಬಿಟ್ಟಿರಲಿಲ್ಲ. ಝಮ್ಯಾಟಿನ್ 1937ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಿದ್ದರು. ಆರ್ವೆಲ್ ಫ್ರೆಂಚ್ ಅನುವಾದ ಸಂಪಾದಿಸಿ ಓದಿ, 1946ರ ಜನವರಿಯಲ್ಲಿ ‘ಟ್ರಿಬ್ಯೂನ್’ಗೆ ವಿಮರ್ಶೆ ಬರೆದರು. ಮೊದಲ ದರ್ಜೆಯ ಕೃತಿಯಲ್ಲ, ಕಥೆಯ ಹಂದರ ಸಡಿಲ ಎಂದರು. ಆದರೂ ಸರ್ಕಾರದ ಕ್ರೌರ್ಯವನ್ನು ಹಕ್ಸ್‌ಲಿಗಿಂತ ಆಳವಾಗಿ ಕಂಡ ಪುಸ್ತಕ ಎಂದೂ ಸೇರಿಸಿದರು.

ಆ ಹೊತ್ತಿಗೆ ಅವರದೇ ‘1984’ರ ಟಿಪ್ಪಣಿಗಳು ಮೇಜಿನ ಮೇಲಿದ್ದವು. ಕದಿಯುವ ಮನಸ್ಸಿದ್ದವರು ಇಂಥ ಪುಸ್ತಕದ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಇವರು ಊರಿಗೆಲ್ಲ ಡಂಗುರ ಸಾರಿದರು. ಆರ್ವೆಲ್ ಅಲ್ಲಿಂದಲೇ ಎತ್ತಿದರು ಎಂದು ಮುಂದೆ ಆಡಿಕೊಂಡವರಿದ್ದಾರೆ. ನನಗಂತೂ ಆ ವಿಮರ್ಶೆಯೇ ಅದಕ್ಕೆ ಉತ್ತರವಾಗಿ ಕಾಣುತ್ತದೆ.

1945ರಲ್ಲಿ ಬದುಕು ಬದಲಾಗಿತ್ತು. ಮಾರ್ಚ್‌ನಲ್ಲಿ ಪತ್ನಿ ಐಲೀನ್ ಶಸ್ತ್ರಚಿಕಿತ್ಸೆಯ ವೇಳೆ ತೀರಿಕೊಂಡರು. ಆಗಸ್ಟ್‌ನಲ್ಲಿ ‘ಅನಿಮಲ್ ಫಾರ್ಮ್’ ಹೊರಬಂದು ಹೆಸರು, ಹಣ ಎರಡೂ ಬಂದವು. ಇದನ್ನೂ ಮೊದಲು ಹಲವು ಪ್ರಕಾಶಕರು ತಿರಸ್ಕರಿಸಿದ್ದರು, ಎಲಿಯಟ್ ಮತ್ತೊಮ್ಮೆ! ಆಮೇಲೆ ಎಳೆಯ ದತ್ತುಮಗನೊಂದಿಗೆ ಸ್ಕಾಟ್ಲೆಂಡಿನ ಜುರಾ ದ್ವೀಪ ಸೇರಿ ‘1984’ ಹಿಡಿದು ಕೂತರು. ಕ್ಷಯ ಉಲ್ಬಣಿಸಿತು. 1948ರ ಕೊನೆಯಲ್ಲಿ ಆ ದೂರದ ದ್ವೀಪಕ್ಕೆ ಬೆರಳಚ್ಚು ಮಾಡುವವರು ಯಾರೂ ಸಿಗದೆ, ಕಾಯಿಲೆಯಲ್ಲೇ ಇಡೀ ಪುಸ್ತಕವನ್ನು ತಾವೇ ಟೈಪ್ ಮಾಡಿದರು. 1949ರ ಜೂನ್ 8ರಂದು ಅದು ಪ್ರಕಟವಾಯಿತು. ಅದನ್ನು ಓದಿದ ಹಕ್ಸ್‌ಲಿ, ಹಳೆಯ ಶಿಷ್ಯನನ್ನು ಮೆಚ್ಚಿ ಪತ್ರ ಬರೆದರು. ಜೊತೆಗೆ, ನಿಜವಾಗುವುದು ನನ್ನ ಭವಿಷ್ಯವೇ ಎಂದು ವಾದಿಸಿದರು.

ಆ ವರ್ಷ ಹಾಸಿಗೆ ಹಿಡಿದಿದ್ದಾಗಲೂ ಆರ್ವೆಲ್ ತಮ್ಮ ಪ್ರಕಾಶಕರಿಗೆ ಪತ್ರ ಬರೆದು, ಝಮ್ಯಾಟಿನ್ ಪುಸ್ತಕವನ್ನು ಯಾರಾದರೂ ಮತ್ತೆ ಅಚ್ಚು ಹಾಕಬೇಕೆಂದು ಒತ್ತಾಯಿಸಿದ್ದರು. 1950ರ ಜನವರಿ 21ರಂದು ಲಂಡನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರಿಗೆ 46 ವರ್ಷ. ‘ನಾವು’ ಸೋವಿಯತ್ ರಷ್ಯಾದಲ್ಲಿ ಪ್ರಕಟವಾದದ್ದು 1988ರಲ್ಲಿ.