ಮುಗಿಲು ತಿದ್ದಿದ ಕ್ಯಾಪ್ಟನ್

ಬೆಂಗಳೂರಿನ ಪಡುವಣ ಬಡಾವಣೆಗಳಲ್ಲಿ ವಾಸಿಸುವ ನಮಗೆ ಮಾರ್ಗಶಿರ, ಪುಷ್ಯಮಾಸಗಳ ಮುಂಜಾವದ ಮಂಜು ಹೊಸದಲ್ಲ. ರಾಜಾಜಿನಗರ, ವಿಜಯನಗರಗಳಿಂದ ಕೆಂಗೇರಿಯತ್ತ ಕ್ಯಾಮೆರಾ ಹೊತ್ತು ಹೊರಡುವ ತರುಣರಲ್ಲಿ ನನ್ನ ವಿದ್ಯಾರ್ಥಿಗಳೂ ಕೆಲವರುಂಟು. ಚಿತ್ರವನ್ನು ತೋರಿಸುತ್ತ, ಕಣ್ಣಿಗೆ ಕಂಡಷ್ಟು ಮಂಜು ಅದರಲ್ಲಿ ಮೂಡಲಿಲ್ಲವಾದ್ದರಿಂದ ಆಮೇಲೆ ಗಣಕಯಂತ್ರದಲ್ಲಿ ತುಸು ಸೇರಿಸಿದೆವೆಂದು ಅವರು ಅಳುಕುತ್ತಲೇ ಹೇಳುತ್ತಾರೆ. ಅದು ಕಪಟವೇ ಎಂಬ ಪ್ರಶ್ನೆ ಬಂದಾಗಲೆಲ್ಲ ನಾನು ಅವರಿಗೆ ಕ್ಯಾಪ್ಟನ್ ಲಿನೀಯಸ್ ಟ್ರೈಪನ ಕಥೆಯನ್ನು ಹೇಳುವುದುಂಟು. ನಮ್ಮ ನಾಡಿನ ದೇವಾಲಯಗಳ ಛಾಯಾಚಿತ್ರಗಳನ್ನು ಮೊತ್ತಮೊದಲು ತೆಗೆದವರ ಸಾಲಿನಲ್ಲಿ ಅವನೂ ಒಬ್ಬ. ಅವನ ಕೆಲಸದ ಬಹುಪಾಲು ನಡೆದದ್ದು ಬೆಂಗಳೂರನ್ನು ನೆಲೆ ಮಾಡಿಕೊಂಡೇ.

ಟ್ರೈಪ್ ಹುಟ್ಟಿದ್ದು 1822ರ ಏಪ್ರಿಲ್ 14ರಂದು, ಇಂಗ್ಲೆಂಡಿನ ಡೆವನ್‌ಪೋರ್ಟಿನಲ್ಲಿ. ಹದಿಹರೆಯ ಕಳೆಯುವ ಮುನ್ನವೇ, 1839ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯವನ್ನು ಸೇರಿದನು. ಸುಮಾರು ಹನ್ನೊಂದು ವರ್ಷಗಳ ದಂಡಿನ ಬಾಳು ಕಳೆದ ಮೇಲೆ ರಜೆಯಲ್ಲಿ ತಾಯ್ನಾಡಿಗೆ ಹೋದವನು ಅಲ್ಲಿ ಛಾಯಾಗ್ರಹಣದ ಹೊಸ ವಿದ್ಯೆಗೆ ಮನಸೋತನು. 1853ರಲ್ಲಿ ಲಂಡನ್ನಿನ ಛಾಯಾಗ್ರಹಣ ಸಂಘದ ಸದಸ್ಯನಾದನು. ಮರುವರ್ಷ ಬೆಂಗಳೂರಿಗೆ ಹಿಂದಿರುಗಿದಾಗ ಅವನ ಸಾಮಾನಿನಲ್ಲಿ ಕತ್ತಿಯ ಜೊತೆಗೆ ದೊಡ್ಡದೊಂದು ಕ್ಯಾಮೆರಾವೂ ಇತ್ತು. ಆಗ ರಾಜಾಜಿನಗರವೂ ಇಲ್ಲ, ವಿಜಯನಗರವೂ ಇಲ್ಲ; ಪೇಟೆಯ ಕೋಟೆಯಾಚೆ ಕೆರೆ, ತೋಪು, ರಾಗಿಯ ಹೊಲ.

1854ರ ಡಿಸೆಂಬರಿನಲ್ಲಿ ಅವನು ಹಳೇಬೀಡು, ಬೇಲೂರುಗಳಿಗೆ ಹೋದನು. ಹೊಯ್ಸಳರ ಆ ಗುಡಿಗಳ ಛಾಯಾಚಿತ್ರವನ್ನು ಅದುವರೆಗೆ ಜಗತ್ತು ಕಂಡಿರಲಿಲ್ಲ. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಅವನು ಇರಿಸಿದ ಚಿತ್ರಗಳಿಗೆ ಮೊದಲ ದರ್ಜೆಯ ಪದಕ ದೊರೆಯಿತು.

ಇಲ್ಲಿ ಅವನ ಉಪಕರಣದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದು ತಿಳಿಯದೆ ಅವನ ಬಾಳಿನ ತೊಡಕು ತಿಳಿಯದು. ಟ್ರೈಪ್ ಬಳಸಿದ ನೆಗೆಟಿವ್ ಗಾಜಿನದಲ್ಲ, ಮೇಣ ಹಿಡಿಸಿದ ಕಾಗದದ್ದು. ಒಂದೊಂದೂ ಸುಮಾರು 12 ಅಂಗುಲ ಅಗಲ, 15 ಅಂಗುಲ ಉದ್ದ. ಗಾಜಿನ ಫಲಕವನ್ನಾದರೆ ಹಸಿಯಿರುವಾಗಲೇ ಬೆಳಕಿಗೊಡ್ಡಿ, ಹಸಿಯಿರುವಾಗಲೇ ತೊಳೆಯಬೇಕು. ನಮ್ಮ ಬಿಸಿಲಿಗೆ ಅದು ಒಗ್ಗದು. ಮೇಣದ ಕಾಗದವನ್ನು ಮೊದಲೇ ಸಿದ್ಧಪಡಿಸಿಕೊಂಡು ದೂರದೂರಿಗೆ ಒಯ್ಯಬಹುದು. ಆದರೆ ಅದಕ್ಕೊಂದು ಕುಂದು. ಅಂದಿನ ಬೆಳ್ಳಿಯ ಲವಣಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಟ್ಟುತ್ತಿತ್ತು. ಹಸುರು ಮಂದವಾಗಿ, ಕೆಂಪು ತಟ್ಟಿಯೂ ತಟ್ಟದಂತೆ. ನೆಲದ ಕಲ್ಲು ಮೂಡುವಷ್ಟು ಹೊತ್ತು ಕಾಯುವುದರೊಳಗೆ ನೀಲಿಯ ಆಕಾಶ ಅತಿಯಾಗಿ ಬಿದ್ದು, ಅಚ್ಚಿನಲ್ಲಿ ಬರಿಯ ಬಿಳುಪಾಗಿಯೋ ಕಲೆಕಲೆಯಾಗಿಯೋ ಬರುತ್ತಿತ್ತು. ಮರದ ಎಲೆ ಕಪ್ಪು ಮುದ್ದೆ. ದೂರದ ಬೆಟ್ಟಕ್ಕೂ ನಮಗೂ ನಡುವಿನ ಗಾಳಿಯ ಕಾವಳ ನೀಲಿಯನ್ನೇ ಹೆಚ್ಚು ಚೆದರಿಸುವುದರಿಂದ, ಕಣ್ಣಿಗೆ ತಿಳಿಯಾಗಿ ಕಂಡ ಬೆಟ್ಟವೂ ಕಾಗದದಲ್ಲಿ ಮಂಜಿನೊಳಗೆ ಮುಳುಗುತ್ತಿತ್ತು. ಹಳೆಯ ಚಿತ್ರಗಳಲ್ಲಿ ದಿಗಂತದ ಮಸುಕನ್ನು ಕಂಡು ಅದು ಅಂದಿನ ಬೆಳಗಿನ ಮಂಜೆಂದು ಮೈಮರೆಯುವವರು ಇದನ್ನು ನೆನಪಿಡಬೇಕು: ಅದರಲ್ಲಿ ಪ್ರಕೃತಿಯ ಪಾಲೆಷ್ಟು, ಬೆಳ್ಳಿಯ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಆರ್ಥರ್ ಫೇಯರನ ನಾಯಕತ್ವದ ರಾಯಭಾರವೊಂದು ಬರ್ಮಾದ ದೊರೆ ಮಿಂಡಾನನ ಆಸ್ಥಾನಕ್ಕೆ ಹೊರಟಿತು. ಛಾಯಾಚಿತ್ರಗಳ ಹೊಣೆ ಟ್ರೈಪನದು. ಆಗಸ್ಟಿನಿಂದ ನವೆಂಬರಿನವರೆಗೆ, ಎಂದರೆ ಮಳೆಗಾಲದ ನಡುವಿನಿಂದ ಕೊನೆಯವರೆಗೆ, ಐರಾವತೀ ನದಿಯ ಮೇಲೆ ಪಯಣ. ಮೋಡ, ತೇವ, ಕಾಯಿಲೆ. ಮುಂದಕ್ಕೆ ಸಾಗುವ ದೋಣಿ ಯಾರಿಗೂ ಕಾಯದು, ಕೆಟ್ಟ ಚಿತ್ರವನ್ನು ಮತ್ತೊಮ್ಮೆ ತೆಗೆಯಲು ಹಲವೆಡೆ ಎಡೆಯಿರಲಿಲ್ಲ. ಹಾಗಿದ್ದೂ 200ಕ್ಕೆ ಮೇಲ್ಪಟ್ಟು ನೆಗೆಟಿವ್‌ಗಳೊಡನೆ ಅವನು ಮರಳಿದನು.

ಆಮೇಲಿನ ದುಡಿಮೆ ಬೆಂಗಳೂರಿನದು. 120 ಚಿತ್ರಗಳನ್ನು ಆರಿಸಿ, ಒಂದೊಂದರಿಂದ 50 ಪ್ರತಿಗಳಂತೆ ಇಲ್ಲಿಯೇ ಅಚ್ಚುಗಳನ್ನು ತೆಗೆಸಿದನು. ಆರು ಸಾವಿರ ಅಚ್ಚುಗಳು! ಒಂದೊಂದನ್ನೂ ನೆಗೆಟಿವ್‌ಗೆ ಒತ್ತಿ ಬಿಸಿಲಿಗಿಡಬೇಕು; ಸೂರ್ಯ ಮುಖ ತೋರದ ದಿನ ಕೆಲಸ ಕುಂಟಿತು. ನೆಗೆಟಿವ್‌ಗಳ ಮೇಲೆ ಕುಂಚ ಹಿಡಿದು ಅವನು ಆಕಾಶವನ್ನು ತಿದ್ದಿದ್ದೂ ಅಚ್ಚಿಗೆ ಸಿದ್ಧಪಡಿಸುವ ಈ ಕೆಲಸದ ಅಂಗವಾಗಿಯೇ. ಬಣ್ಣ ಹಚ್ಚಿದ ಕಡೆ ಬೆಳಕು ಹಾಯದೆ ಅಚ್ಚಿನಲ್ಲಿ ಅಷ್ಟು ಜಾಗ ಬೆಳ್ಳಗೆ ಉಳಿಯುತ್ತದೆ. ಈ ಉಪಾಯದಿಂದ ಕಲೆಬಿದ್ದ ಬಾನಿನಲ್ಲಿ ಮುಗಿಲುಗಳು ಮೂಡಿದವು, ಕಪ್ಪುಮುದ್ದೆಯಾಗಿದ್ದ ಎಲೆಗಳ ಅಂಚಿಗೆ ಬೆಳಕು ಬಂತು. ಕೆಲವು ಮುಗಿಲುಗಳು ಎಷ್ಟು ಸಹಜವೆಂದರೆ, ಅವು ಕೈಬರಹವೆಂದು ಯಾರಾದರೂ ಹೇಳುವತನಕ ನನಗೆ ಹೊಳೆದಿರಲಿಲ್ಲ.

ಹಾಗಾದರೆ ಆ ಚಿತ್ರಗಳನ್ನು ಸಾಕ್ಷಿಯೆಂದು ನಂಬಬಹುದೇ? ಇದು ಬರಿಯ ರಸಿಕರ ಚರ್ಚೆಯಲ್ಲ. ಟ್ರೈಪ್ ಕಂಡ ರಾಜಧಾನಿ ಅಮರಪುರವನ್ನು ಮಿಂಡಾನ್ ದೊರೆ ಕೆಲವೇ ವರ್ಷಗಳಲ್ಲಿ ತೊರೆದು ಮಂಡಾಲೆಗೆ ಹೋದನು. ಅಂದಿನ ಆ ನಗರವನ್ನು ಛಾಯಾಚಿತ್ರದಲ್ಲಿ ಕಾಣಬೇಕಾದವರು ಇವನ ಕಾಗದಗಳತ್ತಲೇ ತಿರುಗಬೇಕು. ನನ್ನ ಅಭಿಪ್ರಾಯ ಇಷ್ಟು: ಬರಿಬಿಳಿಯ ಆಕಾಶವೂ ಸುಳ್ಳೇ, ಏಕೆಂದರೆ ಮಳೆಗಾಲದ ಬರ್ಮಾದ ಬಾನು ಎಂದೂ ಹಾಗಿರಲಿಲ್ಲ. ಕಾಗದ ನುಡಿದ ಸುಳ್ಳನ್ನು ಕಣ್ಣು ಕಂಡ ನೆನಪಿನಿಂದ ಅವನು ತಿದ್ದಿದನು. ಕಾಣದ್ದನ್ನು ಸೇರಿಸುವ ಕೈಗೂ ಕಂಡದ್ದನ್ನು ಮರಳಿ ತರುವ ಕೈಗೂ ಅಂತರವುಂಟೆಂದೇ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಆ ಅಂತರವನ್ನು ಅಳೆಯುವ ಕೋಲು ಎಲ್ಲಿದೆ ಎಂದು ಅವರು ಕೇಳಿದರೆ ಮಾತ್ರ ಉತ್ತರ ಕಷ್ಟ.

1857ರಲ್ಲಿ ಅವನು ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ ಕೆಲಸಕ್ಕೆ ತೊಡಗಿದನು. ಹೊಸೂರಿನಾಚೆಯ ರಾಯಕೋಟೆಯ ಬೆಟ್ಟ, ಶ್ರೀರಂಗ, ಮಧುರೆ, ಪುದುಕ್ಕೋಟೆ, ತಂಜಾವೂರು ಅವನ ಕಾಗದಕ್ಕೆ ಬಂದವು. ತಂಜಾವೂರಿನ ದೊಡ್ಡ ಗುಡಿಯ ವಿಮಾನದ ಬುಡದಲ್ಲಿರುವ ಶಾಸನಗಳನ್ನು ಕ್ರಮವಾಗಿ ತೆಗೆದು, 21 ಅಚ್ಚುಗಳನ್ನು ಜೋಡಿಸಿ, 19 ಅಡಿಗೂ ಮಿಕ್ಕ ಸುರುಳಿಯೊಂದನ್ನು ಮಾಡಿದನು. ಅಲ್ಲಿ ಮುಗಿಲಿಗೆ ಎಡೆಯಿಲ್ಲ. ಅಕ್ಷರ ಅಕ್ಷರವಾಗಿಯೇ ಇರಬೇಕು.

ಈ ಉದ್ಯೋಗ ಬಹುಕಾಲ ಉಳಿಯಲಿಲ್ಲ. ಹೊಸ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಕಡಿಮೆ ಮಾಡುವ ಭರದಲ್ಲಿ ಛಾಯಾಗ್ರಹಣದ ಏರ್ಪಾಡನ್ನು ಮುಚ್ಚಿಸಿದನು. 1860ರಲ್ಲಿ ಟ್ರೈಪನಿಗೆ ಮೂವತ್ತೆಂಟು ವಯಸ್ಸು. ಅವನು ಮತ್ತೆ ದಂಡಿನವನಾದನು. ಮುಂದೆ ತೆಗೆದ ಚಿತ್ರಗಳು ಕೆಲವೇ ಕೆಲವು. ನಿವೃತ್ತನಾಗಿ ಹುಟ್ಟೂರಿಗೆ ಹೋದ ಅವನು 1902ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನ ಕೆಲಸವನ್ನೆಲ್ಲ ಒಟ್ಟಿಗೆ ತೂಗಿನೋಡುವ ದೊಡ್ಡ ಪ್ರದರ್ಶನವೊಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಶಾಲೆಯಲ್ಲಿ ಏರ್ಪಟ್ಟದ್ದು 2014ರಲ್ಲಿ. ಅದು ಆಮೇಲೆ ನ್ಯೂಯಾರ್ಕಿಗೂ ಲಂಡನ್ನಿಗೂ ಹೋಯಿತು.