ಭದ್ರಾವತಿಯ ಕುಲುಮೆಯೂ ವಿಶ್ವೇಶ್ವರಯ್ಯನವರೂ

ಮುಂಬಯಿಯಿಂದ ನಾಸಿಕಕ್ಕೆ ಹೊರಡುವ ರೈಲು ಠಾಣೆ, ಡೊಂಬಿವಲಿ, ಕಲ್ಯಾಣಗಳನ್ನು ಹಾದೇ ಮುಂದೆ ಸಾಗುವುದು. ದಿನವೂ ಇದೇ ಹಳಿಯ ಮೇಲೆ ಕಚೇರಿಗೂ ಹೊಟೇಲಿಗೂ ಓಡಾಡುವ ನಮ್ಮ ಬಂಧುಗಳಿಗೆ ಒಂದು ಸಂಗತಿಯನ್ನು ನೆನಪಿಸಬಯಸುತ್ತೇವೆ. 1884ರಲ್ಲಿ ಮುಂಬಯಿ ಸರಕಾರದ ಅಸಿಸ್ಟೆಂಟ್ ಇಂಜಿನಿಯರರಾಗಿ ನಾಸಿಕದಲ್ಲಿ ಕೆಲಸಕ್ಕೆ ಸೇರಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೂ ನಮ್ಮಂತೆಯೇ ಉದ್ಯೋಗವನ್ನರಸಿ ಊರು ಬಿಟ್ಟವರು.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಅವರ ಜನ್ಮಸ್ಥಳ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟು ತಮ್ಮ ವಿದ್ಯಾಭ್ಯಾಸವನ್ನು ನಡೆಸಿದರು. ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತರು. ಮುಂಬಯಿ ಪ್ರಾಂತದಲ್ಲಿ ಸುಮಾರು 24 ವರ್ಷ ದುಡಿದರು. ಖಡಕ್‌ವಾಸಲಾ ಜಲಾಶಯಕ್ಕೆ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಹೆಸರಾದವು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾಗಿ, 1912ರಲ್ಲಿ ದಿವಾನರಾಗಿ ಅವರು ಮಾಡಿದ ಕಾರ್ಯಗಳು ಸರ್ವವಿದಿತ. ನಾವಿಲ್ಲಿ ಹೇಳಹೊರಟಿರುವುದು ಅವರಿಗೆ ಕೀರ್ತಿಗಿಂತ ಮೊದಲು ನಿಂದೆಯನ್ನೇ ತಂದ ಒಂದು ಕಾರ್ಯವನ್ನು.

ಬಾಬಾಬುಡನ್ ಗಿರಿಯ ಸಾಲಿನಲ್ಲಿ, ಕೆಮ್ಮಣ್ಣುಗುಂಡಿಯಲ್ಲಿ, ಕಬ್ಬಿಣದ ಅದಿರು ಹೇರಳವಾಗಿತ್ತು. ಆದರೆ ಅದನ್ನು ಕರಗಿಸಲು ಬೇಕಾದ ಕಲ್ಲಿದ್ದಲು ಮೈಸೂರು ಸೀಮೆಯಲ್ಲಿರಲಿಲ್ಲ. ಮಲೆನಾಡಿನ ಸೌದೆಯನ್ನು ಇದ್ದಿಲಾಗಿಸಿ ಕುಲುಮೆ ಉರಿಸುವುದು, ಮರವನ್ನು ಬಟ್ಟಿಯಿಳಿಸಿದಾಗ ದೊರೆಯುವ ಟಾರು, ಮದ್ಯಸಾರಗಳನ್ನು ಮಾರಿ ವೆಚ್ಚ ತಗ್ಗಿಸುವುದು ಯೋಜನೆಯಾಗಿತ್ತು. ಹಿಂದೆ ಬೆಂಕಿಪುರವೆಂಬ ಹೆಸರಿದ್ದ, ಭದ್ರಾ ನದಿಯ ದಡದ ಸಣ್ಣ ಊರು ಭದ್ರಾವತಿಯನ್ನು ಇದಕ್ಕೆ ಆರಿಸಲಾಯಿತು. ನೀರು, ಕಾಡು, ಅದಿರು ಮೂರೂ ಸಮೀಪದಲ್ಲಿದ್ದವು. ಈ ಕುಲುಮೆಗಾಗಿ ಎಷ್ಟು ಕಾಡು ಬರಿದಾಯಿತೆಂಬುದನ್ನೂ ನಾವು ಮರೆಯಲಾಗದು.

ಕುಲುಮೆ ಹೊತ್ತಿಕೊಳ್ಳುವ ಮೊದಲೇ, ಸರಕಾರಿ ನೌಕರಿಗಳಲ್ಲಿ ಹಿಂದುಳಿದ ವರ್ಗಗಳಿಗೆ ಸಲ್ಲಬೇಕಾದ ಪಾಲಿನ ಪ್ರಶ್ನೆಯಲ್ಲಿ ಮಹಾರಾಜರೊಡನೆ ಭಿನ್ನಾಭಿಪ್ರಾಯ ಬಂದು, 1918ರಲ್ಲಿ ಅವರು ದಿವಾನಗಿರಿಯನ್ನು ಬಿಟ್ಟರು. ಆ ಪ್ರಶ್ನೆಯಲ್ಲಿ ಕಾಲವು ಅವರ ಪಕ್ಷದಲ್ಲಿರಲಿಲ್ಲವೆಂದೇ ನಮ್ಮ ಭಾವನೆ. ಇತ್ತ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿಯಿತು. 1923ರಲ್ಲಿ ಉತ್ಪಾದನೆ ಆರಂಭವಾದಾಗ ಕಾರ್ಖಾನೆ ನಷ್ಟದಲ್ಲಿಯೇ ಕಣ್ಣುತೆರೆಯಿತು. ಬಡ ರಾಜ್ಯದ ಹಣವನ್ನು ಬೆಂಕಿಗೆ ಸುರಿದರೆಂಬ ಟೀಕೆ ಎದ್ದಿತು.

ಅಧಿಕಾರ ಬಿಟ್ಟವರಿಗೆ ಮೌನವಾಗಿರುವುದು ಸುಲಭವಾಗಿತ್ತು. ಆದರೆ ಕರೆ ಬಂದಾಗ, ಅರವತ್ತು ದಾಟಿದ ಆ ವಯಸ್ಸಿನಲ್ಲಿ, ಅವರು ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡರು. 1929ರವರೆಗೆ ವೆಚ್ಚದ ಲೆಕ್ಕ ಹಿಡಿದು ಕುಳಿತರು. ದುಬಾರಿ ವೇತನದ ವಿದೇಶೀ ತಜ್ಞರ ಜಾಗಕ್ಕೆ ನಮ್ಮವರನ್ನೇ ತರಬೇತಿಗೊಳಿಸಿ ತಂದರು. ಕಾರ್ಖಾನೆ ಮುಚ್ಚಲಿಲ್ಲ. ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಕೈಗೆ ಮುಟ್ಟಿಸಿಕೊಳ್ಳದೆ, ಕೈಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಬಳಸಬೇಕೆಂದು ಕೋರಿದರು. ಬೆಂಗಳೂರಿನ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆಯ ಮೂಲ ಅದೇ.

ಮುಂದೆ ಭದ್ರಾವತಿಯಲ್ಲಿ ಉಕ್ಕು ಬಂದಿತು, ಸಿಮೆಂಟು ಬಂದಿತು, ಕಾಗದದ ಕಾರ್ಖಾನೆ ಬಂದಿತು. ಹಳೆಯ ಊರಿನ ಪಕ್ಕದಲ್ಲಿ ನ್ಯೂಟೌನ್, ಪೇಪರ್ ಟೌನ್ ಎಂಬ ಬಡಾವಣೆಗಳು ಬೆಳೆದವು. ಕಾರ್ಖಾನೆಯ ಸೈರನ್ನೇ ಆ ಊರಿನ ಗಡಿಯಾರವಾಯಿತು. ನಾನಾ ಕಡೆಯ ಜನ ಅಲ್ಲಿಗೆ ದುಡಿಯಲು ಬಂದು ನೆಲೆಸಿದರು. ಅವರಿಗೆ ಊಟ, ಕಾಫಿ ಒದಗಿಸುವವರೂ ಬಂದರು.

1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ವಿಶ್ವೇಶ್ವರಯ್ಯನವರು ನಿಧನರಾದರು. ಅನಂತರ ಕಾರ್ಖಾನೆಗೆ ಅವರ ಹೆಸರನ್ನೇ ಇಡಲಾಯಿತು. ಆ ಹೆಸರಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ, ಮೊದಲ ಕಬ್ಬಿಣ ಹರಿದು ಸರಿಯಾಗಿ ನೂರು ವರ್ಷಕ್ಕೆ, ಪ್ರಕಟವಾಯಿತು. ಅದನ್ನು ವಿರೋಧಿಸಿ ಕಾರ್ಮಿಕರೂ ಅವರ ಮನೆಯವರೂ ಭದ್ರಾವತಿಯ ಬೀದಿಗಿಳಿದರು.