ತಕ್ಕಡಿಯನ್ನು ನಂಬಿದ ವಿಜ್ಞಾನಿ

ಮಕ್ಕಳೇ, ಅಂಗಡಿಯಲ್ಲಿ ಕೊಳ್ಳುವ ಬೇಳೆ ಪೊಟ್ಟಣದ ಮೇಲೆ 500 ಗ್ರಾಂ ಎಂದು ಅಚ್ಚಾಗಿರುವುದನ್ನು ನೋಡಿದ್ದೀರಿ. ಬೀದರ್‌ನಲ್ಲಿ ಕೊಂಡರೂ ಚಾಮರಾಜನಗರದಲ್ಲಿ ಕೊಂಡರೂ 500 ಗ್ರಾಂ ಎಂದರೆ ಅಷ್ಟೇ ಬೇಳೆ. ಈ ಗ್ರಾಂ ಎಲ್ಲಿಂದ ಬಂತು? ಅದನ್ನು ರೂಪಿಸಿದವರಲ್ಲಿ ಒಬ್ಬರು ಫ್ರಾನ್ಸ್ ದೇಶದ ರಸಾಯನ ವಿಜ್ಞಾನಿ ಆಂಟನಿ ಲೆವಾಸಿಯೆ.

ಲೆವಾಸಿಯೆ ಹುಟ್ಟಿದ್ದು 1743ರ ಆಗಸ್ಟ್ 26ರಂದು, ಪ್ಯಾರಿಸ್ ನಗರದಲ್ಲಿ. ತಂದೆ ವಕೀಲರು. ಐದು ವರ್ಷದವನಿದ್ದಾಗಲೇ ತಾಯಿ ತೀರಿಕೊಂಡರು. ತಂದೆಯ ದಾರಿಯಲ್ಲೇ ಕಾನೂನು ಓದಿದರೂ ಅವರ ಮನಸ್ಸು ವಿಜ್ಞಾನದ ಕಡೆಗಿತ್ತು. 1768ರಲ್ಲಿ, ಇನ್ನೂ 25 ತುಂಬುವ ಮೊದಲೇ, ಫ್ರಾನ್ಸಿನ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಅದೇ ವರ್ಷ ರಾಜನ ಪರವಾಗಿ ತೆರಿಗೆ ವಸೂಲಿ ಮಾಡುವ ಕಂಪನಿಯೊಂದರಲ್ಲಿ ಪಾಲು ಕೊಂಡರು. ಅಲ್ಲಿ ಬಂದ ಹಣದಿಂದ ದೊಡ್ಡ ಪ್ರಯೋಗಾಲಯ ಕಟ್ಟಿದರು. ಮುಂದೆ ಅದೇ ಪಾಲು ಅವರ ಪ್ರಾಣಕ್ಕೆ ಎರವಾಯಿತು.

1771ರಲ್ಲಿ ಮರಿ ಆನ್ ಎಂಬುವರೊಡನೆ ಮದುವೆಯಾಯಿತು. ಆಕೆ ಇಂಗ್ಲಿಷ್ ಕಲಿತು ವಿಜ್ಞಾನದ ಬರಹಗಳನ್ನು ಗಂಡನಿಗಾಗಿ ಅನುವಾದಿಸಿದರು. ಪ್ರಯೋಗದ ಉಪಕರಣಗಳ ಚಿತ್ರ ಬರೆದರು.

ಲೆವಾಸಿಯೆ ತಮ್ಮ ಕಾಲದ ಅತ್ಯಂತ ಸೂಕ್ಷ್ಮವಾದ ತಕ್ಕಡಿಗಳನ್ನು ಮಾಡಿಸಿಕೊಂಡಿದ್ದರು. ಪ್ರಯೋಗಕ್ಕೆ ಮೊದಲು ತೂಗುವುದು, ಮುಗಿದ ಮೇಲೆ ಮತ್ತೆ ತೂಗುವುದು ಅವರ ಪದ್ಧತಿ. 1774ರಲ್ಲಿ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ತವರವನ್ನು ಕಾಯಿಸಿದರು. ತವರ ಬೂದಿಯಂಥ ಪುಡಿಯಾಯಿತು, ಆದರೆ ಪಾತ್ರೆಯ ಒಟ್ಟು ತೂಕ ಬದಲಾಗಲಿಲ್ಲ. ಮುಚ್ಚಳ ತೆರೆದಾಗ ಗಾಳಿ ಒಳನುಗ್ಗಿ ತೂಕ ಹೆಚ್ಚಿತು. ಹಾಗಾದರೆ ತವರವು ಪಾತ್ರೆಯೊಳಗಿನ ಗಾಳಿಯ ಒಂದು ಭಾಗವನ್ನು ಹೀರಿಕೊಂಡಿರಬೇಕಲ್ಲವೇ? ಆ ಭಾಗಕ್ಕೆ ಅವರು ಮುಂದೆ ಇಟ್ಟ ಹೆಸರೇ ಆಕ್ಸಿಜನ್, ಅಂದರೆ ನಮ್ಮ ಆಮ್ಲಜನಕ.

ಆದರೆ ತೂಕದ ಲೆಕ್ಕ ಬರೆಯುವುದೇ ಆಗ ದೊಡ್ಡ ತಲೆನೋವು. ಪ್ಯಾರಿಸ್ಸಿನಲ್ಲಿ 1 ಲಿವ್ರ್‌ಗೆ 16 ಔನ್ಸ್, 1 ಔನ್ಸಿಗೆ 8 ಗ್ರೋ, 1 ಗ್ರೋಗೆ 72 ಗ್ರೇನ್. ಇನ್ನೊಂದು ಊರಿಗೆ ಹೋದರೆ ಲಿವ್ರ್‌ನ ತೂಕವೇ ಬೇರೆ. ಧಾನ್ಯ ಕೊಳ್ಳುವ ಬಡವರಿಗೆ ಮೋಸವಾದರೂ ತಿಳಿಯುತ್ತಿರಲಿಲ್ಲ. 1789ರಲ್ಲಿ ಬರೆದ ರಸಾಯನ ವಿಜ್ಞಾನದ ಪುಸ್ತಕದಲ್ಲಿ ಲೆವಾಸಿಯೆ ತೂಕವನ್ನು ಹತ್ತು, ನೂರು, ಸಾವಿರದ ಭಾಗಗಳಲ್ಲಿ ಬರೆಯಬೇಕೆಂದು ಸಲಹೆ ಮಾಡಿದರು.

ಅದೇ ವರ್ಷ ಫ್ರಾನ್ಸಿನಲ್ಲಿ ಕ್ರಾಂತಿ ನಡೆಯಿತು. ದೇಶಕ್ಕೆಲ್ಲ ಒಂದೇ ಅಳತೆ ಬೇಕೆಂದು ಹೊಸ ಸರ್ಕಾರ ಅಕಾಡೆಮಿಯನ್ನು ಕೇಳಿತು. ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಒಂದು ಕೋಟಿಯಲ್ಲಿ ಒಂದು ಭಾಗವೇ ಮೀಟರ್ ಎಂದು 1791ರಲ್ಲಿ ತೀರ್ಮಾನವಾಯಿತು. ತೂಕಕ್ಕೆ ಆಧಾರವಾಗಿ ಎಲ್ಲೆಡೆ ಸಿಗುವ ನೀರನ್ನು ಆರಿಸಿಕೊಂಡರು. ಉದ್ದ, ಅಗಲ, ಎತ್ತರ ಹತ್ತು ಹತ್ತು ಸೆಂಟಿಮೀಟರ್ ಇರುವ ಜಾಗದಲ್ಲಿ ಹಿಡಿಯುವ ನೀರಿನ ತೂಕ ಎಷ್ಟು? ಇದನ್ನು ಕಂಡುಹಿಡಿಯುವ ಕೆಲಸವನ್ನು 1793ರಲ್ಲಿ ಲೆವಾಸಿಯೆ ಮತ್ತು ಹರಳುಗಳ ತಜ್ಞ ಆಯುಯಿ ಮಾಡಿದರು. ಕಲ್ಮಶ ಬೆರೆತರೆ ತೂಕ ಬದಲಾಗುತ್ತದೆ. ಆದ್ದರಿಂದ ಬಟ್ಟಿ ಇಳಿಸಿದ ನೀರನ್ನೇ ಬಳಸಬೇಕು. ಕಾದ ನೀರು ಹಿಗ್ಗುತ್ತದೆ. ಆದ್ದರಿಂದ ಉಷ್ಣತೆಯನ್ನೂ ಗೊತ್ತುಪಡಿಸಬೇಕು.

ಅಷ್ಟರಲ್ಲಿ ಸರ್ಕಾರ ಅಕಾಡೆಮಿಯನ್ನೇ ಮುಚ್ಚಿಸಿತು. ತೆರಿಗೆ ಕಂಪನಿಯವರ ಮೇಲೆ ಜನರಿಗೆ ಬಹಳ ಸಿಟ್ಟಿತ್ತು. 1793ರ ನವೆಂಬರ್‌ನಲ್ಲಿ ಕಂಪನಿಯ ಪಾಲುದಾರರ ಜೊತೆ ಲೆವಾಸಿಯೆ ಕೂಡ ಬಂಧಿತರಾದರು. ಹೊಗೆಸೊಪ್ಪಿಗೆ ನೀರು ಬೆರೆಸಿ ತೂಕ ಹೆಚ್ಚಿಸಿ ಮಾರಿದರು ಎಂಬುದೂ ಅವರ ಮೇಲಿನ ಆರೋಪಗಳಲ್ಲಿ ಒಂದು. ದೇಶಕ್ಕೆ ಸರಿಯಾದ ತೂಕ ಕೊಡಲು ದುಡಿಯುತ್ತಿದ್ದವರ ಮೇಲೆ ತೂಕದ ಮೋಸದ ಆರೋಪ! ಅವರನ್ನು ಬಿಡುಗಡೆ ಮಾಡಬೇಕೆಂದು ಅಳತೆ ಸಮಿತಿಯ ಗೆಳೆಯರು ಬರೆದುಕೊಂಡರೂ ಫಲವಾಗಲಿಲ್ಲ. 1794ರ ಮೇ 8ರಂದು, ವಿಚಾರಣೆ ನಡೆದ ದಿನವೇ, ಇತರ 27 ಪಾಲುದಾರರೊಂದಿಗೆ ಅವರ ತಲೆ ಕಡಿದರು. ಅವರಲ್ಲಿ ಮರಿ ಆನ್ ಅವರ ತಂದೆಯೂ ಇದ್ದರು. ಆಗ ಲೆವಾಸಿಯೆಗೆ 50 ವರ್ಷ.

ಕೆಲಸ ಮಾತ್ರ ನಿಲ್ಲಲಿಲ್ಲ. 1795ರ ಏಪ್ರಿಲ್ 7ರ ಕಾನೂನು ಮೀಟರ್, ಲೀಟರ್, ಗ್ರಾಂ ಎಂಬ ಹೆಸರುಗಳನ್ನು ಗೊತ್ತುಮಾಡಿತು. ಇತರ ವಿಜ್ಞಾನಿಗಳು ನೀರನ್ನು ಮತ್ತೆ ತೂಗಿ ನೋಡಿದ ಮೇಲೆ 1799ರಲ್ಲಿ ಪ್ಲಾಟಿನಂ ಲೋಹದ ಕಿಲೊಗ್ರಾಂ ಬಟ್ಟು ಸಿದ್ಧವಾಯಿತು. 1 ಲೀಟರ್ ತಣ್ಣೀರಿನ ತೂಕ ಸುಮಾರು 1 ಕಿಲೊಗ್ರಾಂ ಇರುವುದು ಇದೇ ಕಾರಣಕ್ಕೆ. 2019ರ ಮೇ 20ರಿಂದ ಕಿಲೊಗ್ರಾಂಗೆ ಲೋಹದ ಬಟ್ಟು ಆಧಾರವಲ್ಲ. ಪ್ಲಾಂಕ್ ಸ್ಥಿರಾಂಕವೆಂಬ ನಿಸರ್ಗದ ಸಂಖ್ಯೆಯೇ ಆಧಾರ.

ನಮ್ಮ ದೇಶದಲ್ಲೂ ಹಿಂದೆ ಮಣ, ಸೇರು, ತೊಲ ಇದ್ದವು. 80 ತೊಲದ ಸೇರು ಎಂದರೆ ಸುಮಾರು 933 ಗ್ರಾಂ. ರೂಪಾಯಿಗೆ 16 ಆಣೆ. ಮೂರೂಕಾಲು ಸೇರು ಅಕ್ಕಿಯ ಬೆಲೆ ಲೆಕ್ಕ ಹಾಕಲು ಅಜ್ಜ ಅಜ್ಜಿಯರು ಎಷ್ಟು ಮಗ್ಗಿ ಬಾಯಿಪಾಠ ಮಾಡಿದ್ದರೋ! 1956ರಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆಯಾಯಿತು. 1958ರ ಅಕ್ಟೋಬರ್‌ನಿಂದ ಕಿಲೊಗ್ರಾಂ ತೂಕ ಹಂತಹಂತವಾಗಿ ಬಳಕೆಗೆ ಬಂತು.

ಲೆಕ್ಕ ಮಾಡಿ ನೋಡಿ

ಒಂದೇ ಬೇಳೆಯ ಎರಡು ಪೊಟ್ಟಣಗಳಿವೆ ಎಂದುಕೊಳ್ಳಿ. 200 ಗ್ರಾಂಗೆ 36 ರೂಪಾಯಿ, 500 ಗ್ರಾಂಗೆ 80 ರೂಪಾಯಿ. ಯಾವುದು ಅಗ್ಗ? ಎರಡನ್ನೂ 100 ಗ್ರಾಂಗೆ ಇಳಿಸಿ.

36 ÷ 2 = 18 ರೂಪಾಯಿ
80 ÷ 5 = 16 ರೂಪಾಯಿ

ಕೈಯಿಂದ ಹೆಚ್ಚು ಹಣ ಹೋದರೂ ದೊಡ್ಡ ಪೊಟ್ಟಣವೇ ಅಗ್ಗ. ಎಲ್ಲ ಸಲವೂ ಹೀಗೇ ಆಗುವುದಿಲ್ಲ. ಕೆಲವೊಮ್ಮೆ ಚಿಕ್ಕದೇ ಅಗ್ಗವಾಗಿರಬಹುದು. ಈಗ ಅನೇಕ ಪೊಟ್ಟಣಗಳ ಮೇಲೆ ಒಂದು ಗ್ರಾಂಗೆ ಬೆಲೆ ಎಷ್ಟು ಎಂದೂ ಅಚ್ಚು ಮಾಡಿರುತ್ತಾರೆ. ಮನೆಯಲ್ಲಿರುವ ಸಕ್ಕರೆ, ರವೆ, ಉಪ್ಪಿನ ಪೊಟ್ಟಣಗಳನ್ನು ನೋಡಿ, ತೂಕ ಮತ್ತು ಬೆಲೆ ಬರೆದುಕೊಂಡು 100 ಗ್ರಾಂಗೆ ಎಷ್ಟು ಬೀಳುತ್ತದೆಂದು ಪಟ್ಟಿ ಮಾಡಿ. ತರಗತಿಯಲ್ಲಿ ಗೆಳೆಯರ ಪಟ್ಟಿಯೊಂದಿಗೆ ಹೋಲಿಸಿ.